ಹಳೇ ಕೊರೊಲಾ ಮಗಳ ಕೈಗೆ ಕೊಡುವ ಮುಂಚೆ

ಮುಂದಿನ ಸಲ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಹೋದಾಗ ಪಾರ್ಕಿಂಗ್ ಕಡೆ ಒಮ್ಮೆ ಕಣ್ಣು ಹಾಯಿಸಿ. ಹೊಸ ಟೆಸ್ಲಾಗಳು, ಏಳು ಸೀಟಿನ ಮಿನಿವ್ಯಾನ್‌ಗಳ ನಡುವೆ ಯಾವುದೋ ಮೂಲೆಯಲ್ಲಿ ಬೆಳ್ಳಿ ಬಣ್ಣದ್ದೋ ಮರಳಿನ ಬಣ್ಣದ್ದೋ ಒಂದು ಹಳೆಯ ಟೊಯೋಟಾ ಕೊರೊಲಾ ಇದ್ದೇ ಇರುತ್ತದೆ. ಹಿಂದಿನ ಗಾಜಿನ ಮೇಲೆ ಎಂ.ಎಸ್. ಮಾಡಿದ ಯೂನಿವರ್ಸಿಟಿಯ ಮಾಸಿದ ಸ್ಟಿಕ್ಕರ್, ಬಂಪರ್ ಮೇಲೆ ಯಾವ ಕಾಲದ್ದೋ ಗೀರು, ಡ್ಯಾಶ್‌ಬೋರ್ಡ್ ಮೇಲೆ ಪುಟ್ಟ ಗಣಪತಿ. ಆ ಕಾರು ನಿಮ್ಮದೇ ಆಗಿದ್ದರೂ ಆಶ್ಚರ್ಯವಿಲ್ಲ.

ಊರಿಂದ ಬಂದ ಅಪ್ಪ-ಅಮ್ಮನಿಗೆ ಇದೊಂದು ಒಗಟು. 2003ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಕೊರೊಲಾ ನಮ್ಮ ಬಿಡದಿಯಲ್ಲೇ ತಯಾರಾಗುತ್ತಿತ್ತು. ಅಲ್ಲಿ ಅದು ಡಾಕ್ಟರುಗಳ, ಕಂಟ್ರಾಕ್ಟರುಗಳ ಕಾರು. ಅಮೆರಿಕದಲ್ಲಿ ಅದೇ ಹೆಸರಿನ ಕಾರು ವಿದ್ಯಾರ್ಥಿಗಳದ್ದು, ಮೊದಲ ಕೆಲಸ ಸಿಕ್ಕವರದ್ದು, ಪಿಜ್ಜಾ ತಂದುಕೊಡುವವರದ್ದು. 2024ರ ಮಾದರಿಯ ಆರಂಭದ ಬೆಲೆಯೂ 22 ಸಾವಿರ ಡಾಲರಿನ ಆಸುಪಾಸು. ಹಾಸಿಗೆ ಇದ್ದಷ್ಟು ಕಾಲು ಚಾಚಿದವರು ಕೊಂಡ ಕಾರು ಇದು. ಹದಿನೈದು ವರ್ಷವಾದರೂ ಮನೆ ಬಿಟ್ಟು ಹೋಗದೆ ಈಗ ಬೇರೆಯೇ ಒಂದು ಪ್ರಶ್ನೆ ಎತ್ತಿದೆ: ಮಗಳಿಗೆ ಹದಿನಾರು ತುಂಬುತ್ತಿದೆ, ಇದನ್ನೇ ಅವಳಿಗೆ ಕೊಟ್ಟರಾಯಿತಲ್ಲ?

ಕೊಡುವ ಮುಂಚೆ, ಈ ಕಾರನ್ನು ಹತ್ತು ಹದಿನೈದು ವರ್ಷ ಓಡಿಸಿದವರ ಮಾತು ಕೇಳುವುದು ಒಳ್ಳೆಯದು. ಆದರೆ ಆ ಮಾತನ್ನು ಹೇಗೆ ಕೇಳಬೇಕು ಎನ್ನುವುದೂ ಮುಖ್ಯ. ಸಂಶೋಧನೆಯ ಕೆಲಸ ನನಗೆ ಕಲಿಸಿದ ಒಂದು ಅಭ್ಯಾಸವೆಂದರೆ, ಯಾರು ಮಾತಾಡುತ್ತಿದ್ದಾರೆ ಎನ್ನುವುದಕ್ಕಿಂತ ಮೊದಲು ಯಾರು ಮಾತಾಡುತ್ತಿಲ್ಲ ಎಂದು ನೋಡುವುದು. ‘ನನ್ನ ಕೊರೊಲಾ ಎರಡೂವರೆ ಲಕ್ಷ ಮೈಲಿ ಓಡಿದೆ, ಏನೂ ಆಗಿಲ್ಲ’ ಎನ್ನುವವರು ಎಲ್ಲ ಪಾರ್ಟಿಗಳಲ್ಲೂ ಸಿಗುತ್ತಾರೆ. ಒಂದು ಲಕ್ಷಕ್ಕೇ ಗುಜರಿಗೆ ಹಾಕಿದವರು ಆ ಹೊತ್ತಿಗೆ ಬೇರೆ ಕಾರಿನ ಬಗ್ಗೆ ಮಾತಾಡುತ್ತಿರುತ್ತಾರೆ. ಅದಕ್ಕೇ ನಾನು ಹಳೆಯ ಮಾಲೀಕರಿಗೆ ಮೂರೇ ಪ್ರಶ್ನೆ ಕೇಳುತ್ತೇನೆ. ಯಾವ ವರ್ಷದ್ದು? ಎಣ್ಣೆ ಬದಲಿಸಿದ್ದು ಯಾರು, ಎಷ್ಟು ಮೈಲಿಗೊಮ್ಮೆ? ಯಾಕೆ ಮಾರಿದಿರಿ? ಮೂರನೆಯ ಪ್ರಶ್ನೆಗೆ ಬರುವ ಉತ್ತರದಲ್ಲೇ ಹೆಚ್ಚು ಸತ್ಯ ಇರುತ್ತದೆ.

‘ಯಾವ ವರ್ಷದ್ದು’ ಎನ್ನುವುದು ಸುಮ್ಮನೆ ಕೇಳುವ ಪ್ರಶ್ನೆಯಲ್ಲ. 1966ರಿಂದ ಬರುತ್ತಿರುವ ಕಾರಿಗೆ ಒಂದೇ ಹೆಸರಿದ್ದರೂ ಒಳಗಿನ ಯಂತ್ರ ಬೇರೆಬೇರೆ. ಅಮೆರಿಕದಲ್ಲಿ 2000ದ ಆಸುಪಾಸಿನಲ್ಲಿ ಮಾರಾಟವಾದ ಕೊರೊಲಾಗಳ ಎಂಜಿನ್ ಎಣ್ಣೆ ಕುಡಿಯುತ್ತದೆ ಎನ್ನುವುದು ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರುವ ಮಾತು. ಪಿಸ್ಟನ್‌ನಲ್ಲಿ ಎಣ್ಣೆ ಇಳಿದುಹೋಗುವ ತೂತುಗಳು ಕಟ್ಟಿಕೊಳ್ಳುವುದು ಅದಕ್ಕೆ ಕಾರಣ. 2009ರಿಂದ 2013ರವರೆಗಿನ ಹೆಚ್ಚಿನವುಗಳಲ್ಲಿ 1.8 ಲೀಟರಿನ ಎಂಜಿನ್, ನಾಲ್ಕೇ ಗೇರಿನ ಹಳೇ ಮಾದರಿಯ ಆಟೊಮ್ಯಾಟಿಕ್. ಓಡಿಸಲು ಸಪ್ಪೆ. ಆದರೆ ದೀರ್ಘಕಾಲ ಇಟ್ಟುಕೊಂಡವರು ಹೆಚ್ಚು ಹೊಗಳುವುದು ಇದನ್ನೇ. ಅವರ ಮಾತಿನಲ್ಲಿ ಮತ್ತೆ ಮತ್ತೆ ಬರುವ ದೂರು ನೀರಿನ ಪಂಪಿನದು: ಬಾನೆಟ್ ತೆಗೆದಾಗ ಪಂಪಿನ ಸುತ್ತ ಗುಲಾಬಿ ಬಣ್ಣದ ಒಣಗಿದ ಕಲೆ ಕಂಡರೆ ಕೂಲೆಂಟ್ ಸೋರುತ್ತಿದೆ ಎಂದರ್ಥ. ಆಗಲೇ ಬದಲಿಸಿದರೆ ಕೆಲವು ನೂರು ಡಾಲರಿನಲ್ಲಿ ಮುಗಿಯುತ್ತದೆ. ಎಂಜಿನ್ ಬಿಸಿಯಾಗಿ ಹೆದ್ದಾರಿಯಲ್ಲಿ ನಿಂತರೆ ಕಾರೇ ಹೋಯಿತು.

2014ರಿಂದ ಹೆಚ್ಚಿನ ಮಾದರಿಗಳಿಗೆ ಸಿವಿಟಿ ಬಂತು. ಹಲ್ಲಿನ ಗೇರುಗಳ ಬದಲು ಒಂದು ಲೋಹದ ಬೆಲ್ಟು ಎರಡು ರಾಟೆಗಳ ನಡುವೆ ಜಾರುತ್ತಾ ವೇಗ ಹೊಂದಿಸುವ ವ್ಯವಸ್ಥೆ. ಇದರ ದ್ರವವನ್ನು ಬದಲಿಸಬೇಕೋ ಬೇಡವೋ ಎನ್ನುವುದು ಮಾಲೀಕರ ನಡುವೆ ಮುಗಿಯದ ಜಗಳ. 60 ಸಾವಿರ ಮೈಲಿಗೊಮ್ಮೆ ಬದಲಿಸಿ ಎನ್ನುವ ಮೆಕ್ಯಾನಿಕ್‌ಗಳ ಪರ ನಾನು. ದ್ರವದ ಖರ್ಚಿಗೂ ಟ್ರಾನ್ಸ್‌ಮಿಷನ್ ಖರ್ಚಿಗೂ ಇರುವ ಅಂತರ ಸಣ್ಣದಲ್ಲ.

ಇನ್ನೊಂದು ಮಾತು. ಹೊಸ ಸಿಂಥೆಟಿಕ್ ಎಣ್ಣೆಗಳಿಂದಾಗಿ 10 ಸಾವಿರ ಮೈಲಿಗೊಮ್ಮೆ ಬದಲಿಸಿದರೆ ಸಾಕು ಎಂದಾಗಿದೆ. ಇದರ ಅಡ್ಡ ಪರಿಣಾಮವೆಂದರೆ ವರ್ಷಗಟ್ಟಲೆ ಯಾರೂ ಬಾನೆಟ್ ಎತ್ತುವುದೇ ಇಲ್ಲ. ಎರಡು ಸಲ ಗ್ಯಾಸ್ ಹಾಕಿಸಿದ ಮೇಲೆ ಒಂದು ಸಲ ಅಳತೆಯ ಕಡ್ಡಿ ಎಳೆದು ನೋಡಿ. ಎರಡು ನಿಮಿಷದ ಕೆಲಸ.

ವರ್ಷದಷ್ಟೇ ಮುಖ್ಯ ಕಾರು ಬದುಕಿದ ಊರು. ಮಿಷಿಗನ್, ಮಿನೆಸೋಟ ಕಡೆ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಕಾರಿನ ಹೊಟ್ಟೆಯನ್ನು ಕೆಳಗಿನಿಂದ ತಿನ್ನುತ್ತಾ ಬರುತ್ತದೆ. ಅಲ್ಲಿಯ ಮಾಲೀಕರಲ್ಲಿ ‘ಎಂಜಿನ್ ಚೆನ್ನಾಗಿತ್ತು, ತುಕ್ಕಿನಿಂದ ಬಿಟ್ಟೆವು’ ಎನ್ನುವವರೇ ಹೆಚ್ಚು. ಕ್ಯಾಲಿಫೋರ್ನಿಯಾದಲ್ಲಿ ಅದೇ ವಯಸ್ಸಿನ ಕಾರಿನ ಬಣ್ಣ ಬಿಸಿಲಿಗೆ ಮಾಸಿರುತ್ತದೆ, ತಳ ಮಾತ್ರ ಹೊಸದರಂತೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮೈಲಿ ನೋಡುವ ಮೊದಲು ಮಂಡಿಯೂರಿ ಕೆಳಗೆ ನೋಡಿ.

ಇನ್ನು, ಈ ಲೇಖನ ಬರೆಯಲು ಮುಖ್ಯ ಕಾರಣವಾದ ವಿಷಯಕ್ಕೆ ಬರುತ್ತೇನೆ. ಟಕಾಟಾ ಏರ್‌ಬ್ಯಾಗ್. ಅಮೆರಿಕದ ಇತಿಹಾಸದಲ್ಲೇ ಅತಿ ದೊಡ್ಡ ವಾಹನ ರೀಕಾಲ್ ಇದು. ಸುಮಾರು 6 ಕೋಟಿ 70 ಲಕ್ಷ ಇನ್‌ಫ್ಲೇಟರ್‌ಗಳು, ಹತ್ತಾರು ಕಂಪನಿಗಳ ಕಾರುಗಳು. 2003ರಿಂದ 2013ರವರೆಗಿನ ಕೊರೊಲಾಗಳೂ ಈ ಪಟ್ಟಿಯಲ್ಲಿವೆ. ಆ ಇನ್‌ಫ್ಲೇಟರ್‌ನಲ್ಲಿ ಅನಿಲ ಹುಟ್ಟಿಸಲು ಬಳಸಿದ್ದು ಅಮೋನಿಯಂ ನೈಟ್ರೇಟ್. ಇದು ಸೆಖೆ ಮತ್ತು ತೇವಕ್ಕೆ ವರ್ಷಗಟ್ಟಲೆ ಸಿಕ್ಕಿಕೊಂಡಾಗ, ಹಗಲು ಬಿಸಿ ರಾತ್ರಿ ತಂಪು ಎಂದು ಸಾವಿರಾರು ಸಲ ಹಿಗ್ಗಿ ಕುಗ್ಗಿದಾಗ, ಅದರ ಗುಳಿಗೆಗಳ ಗಟ್ಟಿತನ ಹೋಗುತ್ತದೆ. ಆಮೇಲೆ ಉರಿದರೆ ಬೇಕಾದ್ದಕ್ಕಿಂತ ವೇಗವಾಗಿ ಉರಿಯುತ್ತದೆ. ಲೋಹದ ಡಬ್ಬಿ ಸಿಡಿದು, ಕಾಪಾಡಬೇಕಾದ ಚೀಲವೇ ಚೂರುಗಳನ್ನು ಮುಖಕ್ಕೆ ಎಸೆಯುತ್ತದೆ. ಸಣ್ಣ ಗುದ್ದಾಟದಲ್ಲಿ ಬದುಕಿಕೊಳ್ಳಬೇಕಾದವರು ಹೀಗೆ ಸತ್ತಿದ್ದಾರೆ.

ಗಮನಿಸಿ, ಇದು ವಯಸ್ಸಾದಂತೆ ಹೆಚ್ಚುವ ಅಪಾಯ. ‘ಇಷ್ಟು ವರ್ಷ ಏನೂ ಆಗಿಲ್ಲವಲ್ಲ’ ಎನ್ನುವ ತರ್ಕ ಇಲ್ಲಿ ತಲೆಕೆಳಗು. 2024ರ ಜನವರಿಯಲ್ಲಿ ಟೊಯೋಟಾ ಕಂಪನಿಯೇ ಸುಮಾರು 50 ಸಾವಿರ ಹಳೆಯ ವಾಹನಗಳ ಮಾಲೀಕರಿಗೆ, ರಿಪೇರಿ ಆಗುವವರೆಗೆ ಕಾರು ಓಡಿಸಲೇಬೇಡಿ ಎಂದು ಹೇಳಿತು. 2003 ಮತ್ತು 2004ರ ಕೊರೊಲಾಗಳು ಅದರಲ್ಲಿದ್ದವು. ರಿಪೇರಿ ಸಂಪೂರ್ಣ ಉಚಿತ, ಕಾರು ಎಷ್ಟನೇ ಕೈಯದಾದರೂ ಸರಿ. ಮೂರು ವರ್ಷಕ್ಕೊಮ್ಮೆ ಮನೆ ಬದಲಿಸುವ ನಮ್ಮಂಥವರಿಗೆ ಆ ಕಾಗದ ತಲುಪದೇ ಹೋಗಿರಬಹುದು. ಡ್ರೈವರ್ ಕಡೆಯ ಗಾಜಿನ ಕೆಳಮೂಲೆಯಲ್ಲಿ 17 ಅಕ್ಷರ-ಅಂಕಿಗಳ ವಿನ್ ಸಂಖ್ಯೆ ಇರುತ್ತದೆ. ಅದನ್ನು ಹೆದ್ದಾರಿ ಸುರಕ್ಷತಾ ಇಲಾಖೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಹಾಕಿದರೆ ಬಾಕಿ ಇರುವ ರೀಕಾಲ್‌ಗಳು ಕಾಣುತ್ತವೆ. ಗಲ್ಫ್‌ನಲ್ಲಿದ್ದು, ಅಮೆರಿಕದಿಂದ ಆಮದಾದ ಹಳೇ ಕಾರು ಕೊಂಡವರು ಇದನ್ನು ಇನ್ನೂ ತುರ್ತಾಗಿ ಮಾಡಬೇಕು. ಅಲ್ಲಿಯ ಸೆಖೆ ಕೇಳಬೇಕೇ? ನಮ್ಮ ಮನೆಯಲ್ಲಿ ಇದಕ್ಕೆ ಗೊತ್ತಾದ ದಿನ ಆಯುಧಪೂಜೆ. ಚಕ್ರದ ಕೆಳಗೆ ನಿಂಬೆಹಣ್ಣು ಇಡುವ ಮೊದಲು ಮಕ್ಕಳು ವಿನ್ ಸಂಖ್ಯೆ ಓದಿ ಹೇಳುತ್ತಾರೆ, ನಾನು ಫೋನಿನಲ್ಲಿ ಒತ್ತುತ್ತೇನೆ. ಕುಂಬಳಕಾಯಿ ಒಡೆಯುವುದು ಆಮೇಲೆ.

ಚಿಕ್ಕ ಮಕ್ಕಳಿರುವವರ ಕಥೆ ಬೇರೆ; ಅವರಿಗೆ ಹಿಂದಿನ ಸೀಟೇ ಪ್ರಪಂಚ. ಕಾರ್ ಸೀಟಿನ ಮಿತಿ ಮುಟ್ಟುವವರೆಗೆ ಮಗು ಹಿಂದಕ್ಕೆ ಮುಖ ಮಾಡಿಯೇ ಕೂರಬೇಕು ಎನ್ನುತ್ತಾರೆ ಅಮೆರಿಕದ ಮಕ್ಕಳ ವೈದ್ಯರು. 2013ರವರೆಗಿನ ಕೊರೊಲಾದಲ್ಲಿ ಹಾಗೆ ಸೀಟು ಕಟ್ಟಿದರೆ ಮುಂದೆ ಕೂತ ಆರಡಿ ಅಪ್ಪನ ಮೊಣಕಾಲು ಡ್ಯಾಶ್‌ಬೋರ್ಡ್‌ಗೆ ತಾಗುತ್ತದೆ. 2014ರಲ್ಲಿ ಕಾರಿನ ಉದ್ದ ಹೆಚ್ಚಿಸಿದರು. ಹಿಂದೆ ಕಾಲು ಚಾಚುವ ಜಾಗ 36.3 ಇಂಚಿನಿಂದ 41.4ಕ್ಕೆ ಏರಿತು. ವಿಚಿತ್ರವೆಂದರೆ 2020ರ ಹೊಸ ಸೆಡಾನಿನಲ್ಲಿ ಅದು ಮತ್ತೆ 34.8ಕ್ಕೆ ಇಳಿಯಿತು. ಹೊಸದೆಲ್ಲ ದೊಡ್ಡದು ಎಂದುಕೊಂಡು ಅಳೆಯದೆ ಕೊಂಡವರು ಡೀಲರ್ ಅಂಗಳದಿಂದ ಮನೆಗೆ ಬಂದ ಮೇಲೆ ಪೇಚಾಡಿದ್ದನ್ನು ಕಂಡಿದ್ದೇನೆ. ನಿಮ್ಮ ಕಾರ್ ಸೀಟನ್ನು ಜೊತೆಗೇ ಒಯ್ದು, ಅಲ್ಲೇ ಕಟ್ಟಿ ನೋಡಿ. ಎರಡು ಸೀಟು ಕಟ್ಟಿ ನಡುವೆ ಅಜ್ಜಿಯನ್ನು ಕೂರಿಸುವ ಯೋಚನೆ ಇದ್ದರೆ ಅಜ್ಜಿಯನ್ನೂ ಕರೆದೊಯ್ಯಿ.

ಹಣದ ಲೆಕ್ಕ ಬೇಗ ಮುಗಿಸುತ್ತೇನೆ. ವರ್ಷಕ್ಕೆ 12 ಸಾವಿರ ಮೈಲಿ, ಗ್ಯಾಲನ್‌ಗೆ ಮೂರೂವರೆ ಡಾಲರ್ ಎಂದಿಟ್ಟುಕೊಳ್ಳಿ. ಗ್ಯಾಲನ್‌ಗೆ 33 ಮೈಲಿ ಕೊಡುವ ಸಾಮಾನ್ಯ ಕೊರೊಲಾಕ್ಕೆ ಸುಮಾರು 1,275 ಡಾಲರ್, 50 ಮೈಲಿ ಕೊಡುವ ಹೈಬ್ರಿಡ್‌ಗೆ 840, 22 ಮೈಲಿಯ ಹಳೇ ಮಿನಿವ್ಯಾನ್‌ಗೆ 1,900 ದಾಟುತ್ತದೆ. ಹೈಬ್ರಿಡ್‌ಗೆ ಹೆಚ್ಚು ತೆತ್ತ ಒಂದೂವರೆ ಸಾವಿರ ಮೂರೂವರೆ ವರ್ಷದಲ್ಲಿ ವಾಪಸು. 2020ರಿಂದ ಈಚಿನ ಮಾದರಿಗಳ ಹೈಬ್ರಿಡ್ ಬ್ಯಾಟರಿಗೆ ಹತ್ತು ವರ್ಷ ಅಥವಾ ಒಂದೂವರೆ ಲಕ್ಷ ಮೈಲಿಯ ವಾರಂಟಿಯೂ ಇದೆ. ಹಳೇ ಕಾರನ್ನೇ ಆಫೀಸಿಗೆ ಓಡಿಸುತ್ತಿದ್ದೀರಾ? ವರ್ಷಕ್ಕೆ ಸಾವಿರ ಡಾಲರ್ ರಿಪೇರಿ ಬಂದರೂ ಹೊಸ ಕಾರಿನ ಮೂರು ತಿಂಗಳ ಕಂತಿನಷ್ಟೇ. ನೀವು ಓಡಿಸುವುದಾದರೆ ಇಟ್ಟುಕೊಳ್ಳಿ ಎನ್ನುವವಳು ನಾನು.

ಮಗಳು ಓಡಿಸುವುದಾದರೆ ಹಾಗೆ ಹೇಳಲಾರೆ. ಕಾರು ಜಾರಿದಾಗ ಒಂದೊಂದು ಚಕ್ರಕ್ಕೂ ಬೇರೆಬೇರೆ ಬ್ರೇಕ್ ಹಾಕಿ ದಾರಿಗೆ ತರುವ ಸ್ಥಿರತಾ ನಿಯಂತ್ರಣ ವ್ಯವಸ್ಥೆ ಅಮೆರಿಕದ ಎಲ್ಲ ಕಾರುಗಳಿಗೂ ಕಡ್ಡಾಯವಾದದ್ದು 2012ರ ಮಾದರಿಯಿಂದ. ಅದಕ್ಕಿಂತ ಹಿಂದಿನ ಬಹಳಷ್ಟು ಅಗ್ಗದ ಸೆಡಾನ್‌ಗಳಲ್ಲಿ ಅದು ಇಲ್ಲ. ಮಳೆಯಲ್ಲಿ ತಿರುವಿನಲ್ಲಿ ಗಾಬರಿಯಾಗಿ ಸ್ಟಿಯರಿಂಗ್ ಎಳೆಯುವುದು ಹೊಸ ಚಾಲಕರೇ. ತೂಕವನ್ನೂ ನೋಡಿ. ವಿಮಾ ಕಂಪನಿಗಳ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ ಹದಿಹರೆಯದವರಿಗೆ ಸೂಚಿಸುವ ಕಾರುಗಳ ಪಟ್ಟಿಗೆ 2,750 ಪೌಂಡಿಗಿಂತ ಹಗುರವಾದ ಯಾವುದನ್ನೂ ಸೇರಿಸುವುದಿಲ್ಲ. 2003-08ರ ಕೊರೊಲಾ 2,500-2,600 ಪೌಂಡಿನದು. ಐದು ಸಾವಿರ ಪೌಂಡಿನ ಎಸ್‌ಯುವಿ ಎದುರಾದಾಗ ನಿಮ್ಮ ನಂಬಿಕೆಯ ಕಾರಿನ ನಂಬಿಕೆ ಉಪಯೋಗಕ್ಕೆ ಬರುವುದಿಲ್ಲ. 2014ರ ಹೊಸ ವಿನ್ಯಾಸಕ್ಕೂ, ಮುಂಭಾಗದ ಒಂದು ಅಂಚು ಮಾತ್ರ ಗುದ್ದುವ ಪರೀಕ್ಷೆಯಲ್ಲಿ ಸಿಕ್ಕಿದ್ದು ‘ಮಾರ್ಜಿನಲ್’, ಅಂದರೆ ಕೆಳಗಿನಿಂದ ಎರಡನೆಯ ದರ್ಜೆ. 2017ರಿಂದ, ಮುಂದೆ ಅಡ್ಡ ಬಂದದ್ದನ್ನು ಕಂಡು ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಎಲ್ಲ ಕೊರೊಲಾಗಳಲ್ಲೂ ಬಂತು. ಮಗಳಿಗಾಗಿ ಹುಡುಕುವುದಾದರೆ ನಾನು ಅಲ್ಲಿಂದ ಶುರು ಮಾಡುತ್ತೇನೆ. ಹಳೆಯದನ್ನು ನೀವು ತೆಗೆದುಕೊಂಡು, ಸ್ವಲ್ಪ ಹೊಸದನ್ನು ಅವಳಿಗೆ ಕೊಡುವುದು ನಮ್ಮ ಮನೆಗಳ ಪದ್ಧತಿಗೆ ತಿರುಗುಮುರುಗು. ಅಜ್ಜಿಗೆ ಒಪ್ಪಿಸುವುದು ನಿಮ್ಮ ಜವಾಬ್ದಾರಿ.

ಹಳೇ ಕಾರು ಉಳಿಸಿಕೊಂಡರೆ ಕನ್ನಡಕ್ಕೂ ಒಂದು ಲಾಭವಿದೆ. ನಮ್ಮ ಮಕ್ಕಳ ಕನ್ನಡ ಬಹುಪಾಲು ಊಟ ಮತ್ತು ಬೈಗುಳದ ಕನ್ನಡ. ಅವರಿಗೆ ಎಲ್ಲವೂ ‘ಬ್ರೋಕ್’ ಆಗುತ್ತದೆ. ಹಳೇ ಕಾರಿನ ಸುತ್ತ ಒಂದು ಶನಿವಾರ ಕಳೆಯಿರಿ: ಟೈರು ಸವೆದಿದೆ, ಪೈಪು ಸೋರುತ್ತಿದೆ, ವೈಪರಿನ ರಬ್ಬರ್ ಹರಿದಿದೆ, ದೀಪದ ಗಾಜು ಮಂಕಾಗಿದೆ, ತಿರುಪು ಸಡಿಲ, ಬೋಲ್ಟಿಗೆ ತುಕ್ಕು. ಗ್ಲೋವ್ ಬಾಕ್ಸಿನ ಹಿಂದಿರುವ ಗಾಳಿಯ ಫಿಲ್ಟರನ್ನು ಹತ್ತು ವರ್ಷದ ಮಗುವೇ ಬದಲಿಸಬಹುದು. ಹಳೆಯದನ್ನು ಕೊಡವಿದಾಗ ಉದುರುವ ಎಲೆ, ಧೂಳು, ಒಂದೆರಡು ಸತ್ತ ಜೀರುಂಡೆ ನೋಡಿ ಅವರಿಗೇ ಖುಷಿ.

ಓಡೋಮೀಟರ್ ಓದಿಸುವುದು ಇನ್ನೂ ಒಳ್ಳೆಯ ಆಟ. ಎಪ್ಪತ್ತೊಂಬತ್ತು, ಎಂಬತ್ತೊಂಬತ್ತು ಬಂದಾಗ ಎಡವದ ಮಗು ಇಲ್ಲ. 99,999 ಹೋಗಿ 1,00,000 ಬೀಳುವ ದಿನ ‘ಹಂಡ್ರೆಡ್ ಥೌಸಂಡ್’ ಅಲ್ಲ, ‘ಒಂದು ಲಕ್ಷ’ ಎನ್ನುವುದು ಬಾಯಿಗೆ ಹತ್ತುತ್ತದೆ. ಚಂದ್ರನ ದೂರ ಸರಾಸರಿ 2,38,855 ಮೈಲಿ. ನಿಮ್ಮ ಕಾರು ಎಲ್ಲಿಯವರೆಗೆ ಹೋಗಿದೆ ಎಂದು ಅವರೇ ಲೆಕ್ಕ ಹಾಕಲಿ. ಒಂದು ಎಚ್ಚರಿಕೆ: 2003-08ರ ಕೊರೊಲಾಗಳ ಓಡೋಮೀಟರ್ 2,99,999ಕ್ಕೆ ಬಂದು ನಿಂತುಬಿಡುತ್ತದೆ. ಕಾರು ಮುಂದೆ ಹೋಗುತ್ತಲೇ ಇರುತ್ತದೆ, ಮೂರು ಲಕ್ಷ ಮಾತ್ರ ಬರುವುದಿಲ್ಲ. ಮುಂದಿನ ಲೆಕ್ಕವನ್ನು ಒಂದು ನೋಟ್‌ಬುಕ್‌ನಲ್ಲಿ ಮಕ್ಕಳೇ ಬರೆದಿಡಬೇಕು.