ದಡ ಸೇರಿದ ಮೇಲಿನ ಪರೀಕ್ಷೆ



ನಡುಗಡಲಿನಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿನ ದೃಷ್ಟಾಂತ ಪವಿತ್ರ ಕುರ್‌ಆನ್‌ನಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಬಂದಿದೆ. ಅಲೆಗಳು ಸುತ್ತಲಿಂದಲೂ ಮೇಲೇರಿ ಬಂದಾಗ ಪ್ರಯಾಣಿಕರು ಅಲ್ಲಾಹನೊಬ್ಬನಿಗೇ ಮೊರೆಯಿಡುತ್ತಾರೆ. ಪಾರಾದರೆ ಕೃತಜ್ಞರಾಗಿ ಬಾಳುತ್ತೇವೆಂದು ಮಾತು ಕೊಡುತ್ತಾರೆ. ದಡ ಸೇರಿದೊಡನೆ ಹಳೆಯ ಅನ್ಯಾಯಕ್ಕೇ ಮರಳುತ್ತಾರೆ. ಈ ತಿಂಗಳ ಜುಮಾ ಖುತ್ಬಾಗಳಲ್ಲಿ ನಾವು ಈ ದೃಷ್ಟಾಂತವನ್ನು ಕೊರೋನಾ ಕಾಲದ ಜೊತೆಗಿಟ್ಟು ವಿವರಿಸಿದ್ದೆವು. ಅದರ ಸಾರ ಇಲ್ಲಿದೆ.

2020ರ ಮಾರ್ಚ್ 25ರಿಂದ ದೇಶವಿಡೀ ಲಾಕ್‌ಡೌನ್ ಜಾರಿಗೆ ಬಂತು. ಜುಮಾದ ಬದಲು ಮನೆಯಲ್ಲೇ ಳುಹ್ರ್ ನಮಾಝ್ ಮಾಡಿದೆವು. ರಮಝಾನಿನ ತರಾವೀಹ್ ಕೂಡ ಮನೆಯಲ್ಲೇ ಆಯಿತು. 20 ಲಕ್ಷಕ್ಕೂ ಹೆಚ್ಚು ಮಂದಿ ಸೇರುತ್ತಿದ್ದ ಹಜ್ಜ್, ಆ ವರ್ಷ ಸೌದಿಯಲ್ಲೇ ಇದ್ದ ಕೆಲವೇ ಜನರಿಗೆ ಸೀಮಿತವಾಯಿತು.

ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ಇದು ಮುಗಿದ ಮೇಲೆ ಬದುಕಿನ ಓಟ ಕಡಿಮೆಯಾಗಬೇಕು, ಬಡವರಿಗೆ ನ್ಯಾಯ ಸಿಗಬೇಕು. ಹೊಗೆ ನಿಂತಾಗ ಪಂಜಾಬಿನ ಜಲಂಧರ್‌ನ ಜನರು ಮನೆಯ ಮಾಳಿಗೆಯಿಂದಲೇ ಹಿಮಾಲಯದ ಧೌಲಾಧಾರ್ ಶ್ರೇಣಿಯನ್ನು ಕಂಡರು. ಬೆಟ್ಟ ಮೊದಲೂ ಅಲ್ಲೇ ಇತ್ತು. ಹಾಗೆಯೇ, ಮೊದಲಿನಿಂದಲೂ ಪಕ್ಕದಲ್ಲೇ ಇದ್ದ ಕೂಲಿಕಾರ್ಮಿಕನ ಬದುಕೂ ಆಗ ಕಣ್ಣಿಗೆ ಬಿತ್ತು. ಮೇ 8ರಂದು ಔರಂಗಾಬಾದ್ ಬಳಿ, ಊರಿನ ದಾರಿ ಹಿಡಿದು ನಡೆಯುತ್ತಿದ್ದ 16 ಕಾರ್ಮಿಕರು ದಣಿದು ರೈಲು ಹಳಿಯ ಮೇಲೆ ಮಲಗಿದ್ದಾಗ ಗೂಡ್ಸ್ ರೈಲಿಗೆ ಬಲಿಯಾದರು. ಅದೇ ವಾರ ನಮ್ಮ ರಾಜ್ಯದಲ್ಲಿ, ಕಟ್ಟಡ ನಿರ್ಮಾಣ ಉದ್ಯಮಿಗಳ ಜೊತೆ ಸಭೆ ನಡೆದ ಬಳಿಕ, ವಲಸೆ ಕಾರ್ಮಿಕರ ವಿಶೇಷ ರೈಲುಗಳನ್ನು ಸರಕಾರ ರದ್ದುಪಡಿಸಿತು. ತೀವ್ರ ಟೀಕೆ ಬಂದ ಮೇಲೆ ನಿರ್ಧಾರ ಬದಲಾಯಿತು. ನಂತರ ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ ದುಡಿಸಲು ಅನುಮತಿ ನೀಡಿ, ಜೂನ್‌ನಲ್ಲಿ ಅದನ್ನೂ ಹಿಂತೆಗೆಯಲಾಯಿತು. ಆದರೆ 2023ರಲ್ಲಿ, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೂ ದುಡಿಸಬಹುದಾದ ತಿದ್ದುಪಡಿಗೆ ವಿಧಾನಮಂಡಲ ಒಪ್ಪಿಗೆ ನೀಡಿತು. ಸಂಕಟ ಬಂದು ಹೋದ ಮಾತ್ರಕ್ಕೆ ಸಮಾಜ ತಾನಾಗಿಯೇ ಬದಲಾಗುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ನಿಧಾನದ ಬದುಕು ಎಂದರೇನು? ಕೆಲಸ ಬಿಟ್ಟು ಕೂರುವುದನ್ನು ಇಸ್ಲಾಮ್ ಕಲಿಸುವುದಿಲ್ಲ. ಜುಮಾದ ಕರೆ ಕೇಳಿದಾಗ ವ್ಯಾಪಾರ ಬಿಟ್ಟು ಬರಬೇಕೆಂದು ಹೇಳುವ ಕುರ್‌ಆನ್, ನಮಾಝ್ ಮುಗಿದ ಮೇಲೆ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹವನ್ನು ಅರಸಲು ಅದೇ ಉಸಿರಿನಲ್ಲಿ ಹೇಳುತ್ತದೆ. ದುಡಿಮೆಗೆ ಗೌರವವಿದೆ, ಆದರೆ ಅದಕ್ಕೊಂದು ಎಲ್ಲೆಯೂ ಇದೆ. ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿ ಮುಹಮ್ಮದ್(ಸ)ರ ಬೋಧನೆಯೂ ಇದರೊಂದಿಗೇ ಸೇರಿದೆ. ಒಬ್ಬನ ಬಿಡುವು ಇನ್ನೊಬ್ಬನ ಹೆಗಲಿನ ಹೊರೆಯಾದರೆ ಅದು ನೆಮ್ಮದಿ ಎನಿಸದು.

ಸಂಕಟದ ಕಾಲದಲ್ಲಿ ಆಡಳಿತ ಹೇಗಿರಬೇಕು ಎಂಬುದಕ್ಕೆ ಹಿಜರಿ 18ನೇ ವರ್ಷದ ಉದಾಹರಣೆಯಿದೆ. ಹಿಜಾಝ್‌ನಲ್ಲಿ ಮಳೆಯಿಲ್ಲದೆ ಮಣ್ಣು ಬೂದಿಯಂತಾಗಿ, ಅದಕ್ಕೆ ಬೂದಿಯ ವರ್ಷ ಎಂದೇ ಹೆಸರಾಯಿತು. ಖಲೀಫಾ ಉಮರ್(ರ)ರು ಶಾಮ್‌ನಿಂದ ಧಾನ್ಯ ತರಿಸಿದರು. ಹಸಿದು ಮದೀನಕ್ಕೆ ಬಂದ ಬುಡಕಟ್ಟಿನವರಿಗೆ ಊಟದ ವ್ಯವಸ್ಥೆ ಮಾಡಿದರು. ಆ ವರ್ಷ ಝಕಾತ್ ವಸೂಲಿಯನ್ನು ಮುಂದೂಡಿದರು. ಜನರ ಕಷ್ಟ ತೀರುವವರೆಗೆ ತುಪ್ಪವನ್ನೂ ಮಾಂಸವನ್ನೂ ತಾವು ಮುಟ್ಟಲಿಲ್ಲ. ಅಂದರೆ ಹೊರೆ ಇಳಿದದ್ದು ಬಡವರ ತಲೆಯಿಂದ, ಏರಿದ್ದು ಅಧಿಕಾರದಲ್ಲಿದ್ದವರ ತಲೆಗೆ.

ಸರಕಾರ ಮಾಡಬೇಕಾದದ್ದನ್ನು ಕೇಳುವುದು ನಾಗರಿಕರಾದ ನಮ್ಮ ಹಕ್ಕು. ಅದರ ಜೊತೆಗೆ ನಮ್ಮ ಕೈಯಲ್ಲೇ ಇರುವ ಮೂರು ಕೆಲಸಗಳಿವೆ.

ಒಂದನೆಯದು ಕೂಲಿ. ಅಂಗಡಿಯ ಹುಡುಗ, ಮನೆಗೆಲಸದ ಅಕ್ಕ, ಗಾರೆ ಕೆಲಸದವನು ತಮ್ಮ ಹಣಕ್ಕಾಗಿ ಎರಡನೇ ಸಲ ಬಾಗಿಲಿಗೆ ಬರುವಂತಾಗಬಾರದು. ಜಮಾಅತ್ ಕಮಿಟಿಗಳು ಇದನ್ನು ಮೊದಲು ಮಸೀದಿಯಿಂದಲೇ ಆರಂಭಿಸಲಿ. ಮುಅದ್ಸಿನ್ ಮತ್ತು ಮದ್ರಸ ಉಸ್ತಾದರ ಸಂಬಳ ತಿಂಗಳು ತುಂಬಿದೊಡನೆ ಸಿಗಲಿ. ಮಿನಾರದ ಸುಣ್ಣಬಣ್ಣ ಮುಂದಿನ ವರ್ಷಕ್ಕೆ ಉಳಿದರೂ ನಷ್ಟವಿಲ್ಲ.

ಎರಡನೆಯದು ಮದುವೆ. 2020ರಲ್ಲಿ 50 ಜನರ ಮಿತಿಯಲ್ಲಿ ನಿಕಾಹ್‌ಗಳು ನಡೆದವು. ವಲಿ, ಇಬ್ಬರು ಸಾಕ್ಷಿಗಳು, ಮಹ್ರ್ ಇದ್ದವು. ಯಾವುದಕ್ಕೂ ಕೊರತೆಯಾಗಲಿಲ್ಲ. ಈಗ ಮತ್ತೆ ಹಾಲ್ ದೊಡ್ಡದಾಗುತ್ತಿದೆ, ಹೆಣ್ಣು ಹೆತ್ತವರ ಸಾಲವೂ ದೊಡ್ಡದಾಗುತ್ತಿದೆ. ಊರಿನ ಸ್ಥಿತಿವಂತರು ಮೊದಲು ಸರಳ ನಿಕಾಹ್ ಮಾಡಿ ತೋರಿಸಿದರೆ, ಇಲ್ಲದವರಿಗೆ ಅದೇ ದೊಡ್ಡ ಸದಕಾ.

ಮೂರನೆಯದು ಸಮಯ. ಶುಕ್ರವಾರ ಕೆಲಸದವರಿಗೆ ಖುತ್ಬಾ ಆಲಿಸಿ, ಸಮಾಧಾನದಿಂದ ಊಟ ಮಾಡಿ ಬರುವಷ್ಟು ಬಿಡುವು ಕೊಡಿ. ಸಹೋದರ ಧರ್ಮೀಯ ಕೆಲಸಗಾರರಿಗೂ ಅವರ ಹಬ್ಬ, ಜಾತ್ರೆಗಳಿಗೆ ಅಷ್ಟೇ ಮನಃಪೂರ್ವಕವಾಗಿ ರಜೆ ಕೊಡಿ. ನ್ಯಾಯದ ತಕ್ಕಡಿ ಎಲ್ಲರಿಗೂ ಒಂದೇ.

ಅಲೆಗಳ ನಡುವೆ ದುಆ ಮಾಡದವರು ವಿರಳ. ಈಗ ನಾವು ದಡದಲ್ಲಿದ್ದೇವೆ. ಕೊಟ್ಟ ಮಾತನ್ನು ನಡೆಸಿಕೊಳ್ಳುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಅನುಗ್ರಹಿಸಲಿ. ಆಮೀನ್.