ನೂರೈದು, ಹದಿನೈದು, ನೂರೈದು

‘ಇದೆಷ್ಟು ಲೀಟರಿನದು?’ ಅಂದರೆ ನಮಗೆ ಕುಕ್ಕರೋ ಹಾಲಿನ ಕ್ಯಾನೋ ನೆನಪಾಗಬೇಕು. ಬೆಂಗಳೂರಿನ ರಾಜಾಜಿನಗರದ ಮನೆಯೊಂದರ ಹಿತ್ತಿಲಲ್ಲಿ, ಶೀಟು ಹೊದಿಸಿದ ಕೋಣೆಯಲ್ಲಿ ಆ ಪ್ರಶ್ನೆ ಬಂದದ್ದು ಕಂಪ್ಯೂಟರಿನ ಕೇಸ್ ಬಗ್ಗೆ. ಚಿಕ್ಕ ಕಂಪ್ಯೂಟರ್ ಕಟ್ಟುವ ಗೀಳಿನವರು ಕೇಸನ್ನು ಲೀಟರಿನಲ್ಲೇ ಅಳೆಯುತ್ತಾರೆ. 20 ಲೀಟರಿನೊಳಗಿದ್ದರೆ ಚಿಕ್ಕದು, 10ರೊಳಗಿದ್ದರೆ ಹುಚ್ಚು. ಅವತ್ತು ಮೇಜಿನ ಮೇಲಿದ್ದದ್ದು 18 ಲೀಟರಿನ, ತೆಳು ಉಕ್ಕಿನ ಕಪ್ಪು ಡಬ್ಬಿ. ಅದರ ನೆತ್ತಿಗೆ ಎರಡು ದೊಡ್ಡ ತೂತು ಕೊರೆದು, ಕಾವು ಇಳಿಸಲು ಒಳಗೆ ನೀರು ಓಡಾಡುವ ಏರ್ಪಾಡು ಆಗಬೇಕಿತ್ತು.

ನಾನು ಹೋದದ್ದು ಕಂಪ್ಯೂಟರ್ ನೋಡಲಿಕ್ಕಲ್ಲ, ತೂತು ಕೊರೆಯುವವರನ್ನು ನೋಡಲಿಕ್ಕೆ. ವಯಸ್ಸು 74. ಐಟಿಐನಲ್ಲಿ ಫಿಟ್ಟರ್ ಕಲಿತು, ಪೀಣ್ಯದ ಟೂಲ್‌ರೂಮ್‌ಗಳಲ್ಲಿ ದುಡಿದು ನಿವೃತ್ತರಾದವರು. ‘ಹೆಸರು ಹಾಕಬೇಡಿ ಸ್ವಾಮಿ, ಆಮೇಲೆ ಬೀದಿಯವರೆಲ್ಲ ಮಿಕ್ಸಿ ಹೊತ್ಕೊಂಡು ಬರ್ತಾರೆ’ ಎಂದರು. ಮೊಮ್ಮಗ ಕರೆಯುವ ಹಾಗೆ ನಾನೂ ತಾತ ಅಂತಲೇ ಬರೆಯುತ್ತೇನೆ. ಕಂಪ್ಯೂಟರ್ ಮೊಮ್ಮಗನ ಕಡೆಯದು, ಲೋಹ ತಾತನ ಕಡೆಯದು.

ಚರಿತ್ರೆ ಹೇಳಿದ್ದು ಮೊಮ್ಮಗ, ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ. ಐಬಿಎಂನ ದೊಡ್ಡ ಯಂತ್ರಗಳಿಗೆ ನೀರು ಹರಿಸುವುದು ಹಳೆಯ ಕಥೆ. ಮನೆಯ ಕಂಪ್ಯೂಟರಿಗೆ ಆ ಹುಚ್ಚು ಹಿಡಿಸಿದವರು ತೊಂಬತ್ತರ ದಶಕದ ಕೊನೆಯ ಹುಡುಗರು. 1998ರಲ್ಲಿ ಬಂದ ಇಂಟೆಲ್‌ನ ಸೆಲೆರಾನ್ 300ಎ ಎಂಬ ಅಗ್ಗದ ಚಿಪ್ಪನ್ನು 300 ಮೆಗಾಹರ್ಟ್ಸ್‌ನಿಂದ 450ಕ್ಕೆ ಓಡಿಸಬಹುದೆಂದು ಗೊತ್ತಾದ ಮೇಲೆ ಯಾರಿಗೂ ಕಡಿವಾಣ ಉಳಿಯಲಿಲ್ಲ. ಓಡಿಸಿದಷ್ಟೂ ಕಾವು. ಆಗ ಅಮೆರಿಕ, ಯುರೋಪಿನ ಹವ್ಯಾಸಿಗಳು ಹಳೆಯ ಕಾರುಗಳಿಂದ ಹೀಟರಿನ ರೇಡಿಯೇಟರ್ ಕಿತ್ತರು, ಮೀನಿನ ತೊಟ್ಟಿಯ ಪಂಪ್ ತಂದರು, ತಾಮ್ರದ ಗಟ್ಟಿಯಲ್ಲಿ ಕಾಲುವೆ ಕೊರೆದರು. ಕಾರಿನ ಬಿಡಿಭಾಗಗಳ ನಮ್ಮ ಜೆ.ಸಿ. ರಸ್ತೆ, ಎಲೆಕ್ಟ್ರಾನಿಕ್ಸಿನ ಎಸ್.ಪಿ. ರಸ್ತೆ ಎರಡನ್ನೂ ಒಂದೇ ಚೀಲಕ್ಕೆ ತುಂಬಿದ ಹಾಗೆ. 2001ರಲ್ಲಿ ತೈವಾನಿನ ವಯಾ ಕಂಪನಿ 17 ಸೆಂ.ಮೀ. ಚೌಕದ ಮದರ್‌ಬೋರ್ಡ್ ತಂದಿತು, ಮಿನಿ ಐಟಿಎಕ್ಸ್. ಡಬ್ಬಿ ಕುಗ್ಗುತ್ತಾ ಹೋಯಿತು. ಕಾವು ಮಾತ್ರ ಹೆಚ್ಚುತ್ತಾ ಬಂತು. ಇವತ್ತಿನ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಒಂದೇ 300, 400 ವಾಟ್ ಎಳೆಯುತ್ತದೆ. ಪಾತ್ರೆಗೆ ಪಾತ್ರೆ ಹೋಲಿಸಿದರೆ ಗಾಳಿಗಿಂತ ಸುಮಾರು 3,500 ಪಟ್ಟು ಹೆಚ್ಚು ಶಾಖವನ್ನು ನೀರು ಹೊರುತ್ತದೆ. ನೀರು ಬೇಕೆನ್ನುವುದಕ್ಕೆ ಅಷ್ಟು ಕಾರಣ ಸಾಕು.

ಈಗ ತಾತನ ಮೇಜಿಗೆ ಬರೋಣ.

ಮೊಮ್ಮಗ ಪ್ರಿಂಟ್ ಹಾಕಿಸಿ ತಂದಿದ್ದ ನಕ್ಷೆಯನ್ನು ತಾತ ಪಕ್ಕಕ್ಕಿಟ್ಟರು. ‘ಕಾಗದ ಮಳೆಗಾಲದಲ್ಲಿ ಉಬ್ಬುತ್ತೆ ಕಣೋ, ಕಬ್ಬಿಣ ಉಬ್ಬಲ್ಲ.’ ರೇಡಿಯೇಟರನ್ನೇ ಎದುರಿಗಿಟ್ಟುಕೊಂಡು ವರ್ನಿಯರ್ ಹಿಡಿದು ಸ್ಕ್ರೂ ತೂತುಗಳ ನಡುವಿನ ದೂರ ನೋಡಿದರು. ಎರಡು ಫ್ಯಾನಿನ ರೇಡಿಯೇಟರ್ ಅದು. ಫ್ಯಾನಿನ ಅಗಲ 120 ಮಿ.ಮೀ., ಅದರ ಸ್ಕ್ರೂಗಳ ಅಂತರ 105. ಎರಡು ಫ್ಯಾನ್ ಅಂಟಿಕೊಂಡು ಕೂತಾಗ ನಡುವೆ 15. ‘ನೂರೈದು, ಹದಿನೈದು, ನೂರೈದು’ ಎಂದು ಮಗ್ಗಿ ಒಪ್ಪಿಸುವ ಹಾಗೆ ಎರಡು ಸಲ ಅಂದುಕೊಂಡರು.

ಕಷ್ಟ ಇದ್ದದ್ದು ಎತ್ತರದಲ್ಲಿ. ನೆತ್ತಿಯಿಂದ ಮದರ್‌ಬೋರ್ಡಿನ ಅಂಚಿಗೆ 48 ಮಿ.ಮೀ. ಮಾತ್ರ. ರೇಡಿಯೇಟರ್ 30, ಮಾಮೂಲಿ ಫ್ಯಾನ್ 25, ಕೂಡಿದರೆ 55. ಕೂರುವುದಿಲ್ಲ. 15 ಮಿ.ಮೀ. ದಪ್ಪದ ತೆಳು ಫ್ಯಾನ್ ಹಾಕಿದರೆ 45. ಮೂರು ಮಿ.ಮೀ. ಮಿಕ್ಕಿತು. ‘ಮೂರು ಅಂದ್ರೆ ಬಯಲು’ ಎಂದರು ತಾತ.

ಡಬ್ಬಿಯನ್ನು ಪೂರ್ತಿ ಬರಿದು ಮಾಡಿ, ರಿವೆಟ್‌ಗಳ ತಲೆ ಕೊರೆದು ನೆತ್ತಿಯ ತಗಡನ್ನು ಬಿಡಿಸಿದ್ದಾಗಿತ್ತು. ಅದರ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಡಿವೈಡರಿನಿಂದ ಫ್ಯಾನಿಗೊಂದರಂತೆ ವೃತ್ತ ಗೀಚಿ, ಗೆರೆಯ ಒಳಬದಿಗೆ ನಾಲ್ಕು ಮಿ.ಮೀ.ಗೊಂದರಂತೆ ಸೆಂಟರ್ ಪಂಚ್ ಹೊಡೆಯುತ್ತಾ ಬಂದರು. ಒಂದು ವೃತ್ತಕ್ಕೆ ಸುಮಾರು 90 ಚುಕ್ಕಿ. ಕಾಫಿ ತಂದ ಅಜ್ಜಿ, ‘ಬಾಗಿಲಲ್ಲಿ ನಂದು, ಇಲ್ಲಿ ಇವರದು’ ಎಂದು ನಕ್ಕು ಹೋದರು. ಪ್ರತಿ ಚುಕ್ಕಿಗೂ ಮೂರು ಮಿ.ಮೀ. ತೂತು. ಆಮೇಲೆ ತೂತುಗಳ ನಡುವಿನ ಎಲುಬನ್ನು ಉಳಿಯಿಂದ ಕಡಿದರೆ ಬಿಲ್ಲೆ ಕಳಚಿ ಬೀಳುತ್ತದೆ, ಅಂಚು ಥೇಟ್ ಚಕ್ಕುಲಿಯ ಮುಳ್ಳು. ಐಟಿಐನ ಮೊದಲ ವರ್ಷದ ಪಾಠವಂತೆ ಇದು. ಒಂದೇ ಏಟಿಗೆ ವೃತ್ತ ಕತ್ತರಿಸುವ ಹೋಲ್ ಸಾ ಇದೆಯಲ್ಲ ಎಂದೆ. ‘ಇದೆ. ತೆಳು ತಗಡು ಅದಕ್ಕೆ ಸಿಕ್ಕಿದ್ರೆ ಒದರಾಡುತ್ತೆ. ಆಮೇಲೆ ನನಗೇನು ಅರ್ಜೆಂಟು?’

ಅನಂತರ ಅರ. ಅರ್ಧಚಂದ್ರಾಕಾರದ ಅರದಿಂದ ಮುಳ್ಳುಗಳನ್ನು ಗೆರೆಯವರೆಗೆ ಉಜ್ಜಬೇಕು, ಗೆರೆ ದಾಟಬಾರದು, ಗೆರೆ ಉಳಿಯಲೂಬಾರದು. ಮುಂದಕ್ಕೆ ತಳ್ಳುವಾಗ ಭಾರ, ಹಿಂದಕ್ಕೆ ಎಳೆಯುವಾಗ ಬರೀ ಸವರಿಕೆ. ಒಂದೂವರೆ ಗಂಟೆ ಆ ಸದ್ದು ಒಂದೇ ಸಮ. ನಡುನಡುವೆ ಹೆಬ್ಬೆರಳಿನಿಂದ ಅಂಚು ಸವರಿ ನೋಡುತ್ತಿದ್ದರು. ಕಣ್ಣು ಅಷ್ಟು ಹತ್ತಿರ ಒಯ್ಯುತ್ತಿರಲಿಲ್ಲ. ಅರಪುಡಿಯ ಒಂದು ಕಣ ಮದರ್‌ಬೋರ್ಡಿನ ಮೇಲೆ ಬಿದ್ದರೂ ಶಾರ್ಟ್ ಆದೀತು. ಅದಕ್ಕೇ ಕೊನೆಗೆ ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಮೂಲೆಮೂಲೆ ಸವರಿದರು. ಬಟ್ಟೆ ಮೀಸೆ ಬಿಟ್ಟುಕೊಂಡು ಮೇಲೆದ್ದಿತು.

ಸ್ಕ್ರೂ ಹಾಕುವಾಗ ತಾತ ಒಂದೊಂದನ್ನೂ ಅಳೆದರು. ಹಿಂದೆ ಒಮ್ಮೆ 20 ಮಿ.ಮೀ. ಸ್ಕ್ರೂ ಬೇಕಿದ್ದಲ್ಲಿ 30ರದ್ದು ತಿರುಗಿಸಿ ಹೊಸ ರೇಡಿಯೇಟರಿನ ಹೊಟ್ಟೆಗೇ ಚುಚ್ಚಿದ್ದರಂತೆ. ತೂತಾದ ಆ ರೇಡಿಯೇಟರ್ ಇನ್ನೂ ಗೋಡೆಯ ಮೊಳೆಗೆ ನೇತಾಡುತ್ತಿದೆ.

ನೀರಿನ ಕೆಲಸ ಮೊಮ್ಮಗನದು, ಬೇಗ ಹೇಳಿ ಮುಗಿಸುತ್ತೇನೆ. ಪಂಪ್, ತೊಟ್ಟಿ, ಚಿಪ್ಪಿನ ಮೇಲೆ ಕೂರುವ ತಾಮ್ರದ ಬ್ಲಾಕ್, ಕೊಳವೆ. ಬೋರ್‌ವೆಲ್ ನೀರು ಬೇಡ, ಪಾಚಿ ಕಟ್ಟದ ಹಾಗೆ ಔಷಧಿ ಬೆರೆಸಿದ ಡಿಸ್ಟಿಲ್ಡ್ ವಾಟರ್ ಬೇಕು. ಅರ್ಧ ಲೀಟರ್ ಸಾಲುತ್ತದೆ. ತಾಮ್ರದ ಜೊತೆ ಅಲ್ಯೂಮಿನಿಯಂ ರೇಡಿಯೇಟರ್ ಸೇರಿಸಬಾರದು. ‘ಒಂದೇ ನೀರಲ್ಲಿ ಎರಡು ಲೋಹ ಕೂತ್ರೆ ಒಂದು ಇನ್ನೊಂದನ್ನ ತಿನ್ನುತ್ತೆ’ ಎಂದರು ತಾತ. ಮೊದಲ ದಿನ ಮದರ್‌ಬೋರ್ಡಿಗೆ ವಿದ್ಯುತ್ ಇಲ್ಲ. ಪವರ್ ಸಪ್ಲೈನ ಹಸಿರು ತಂತಿಗೂ ಕಪ್ಪು ತಂತಿಗೂ ಒಂದು ಪೇಪರ್ ಕ್ಲಿಪ್ ಸಿಕ್ಕಿಸಿ, ಪಂಪ್ ಒಂದನ್ನೇ 24 ಗಂಟೆ ಓಡಿಸಿ, ಕೆಳಗೆ ಟಿಶ್ಯೂ ಕಾಗದ ಹಾಸಿ ಕಾಯುತ್ತಾರೆ. ಕಾಗದ ಒಣಗಿದ್ದರೆ ಪಾಸು.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ನನ್ನಲ್ಲಿ ಗಟ್ಟಿ ಉತ್ತರವಿಲ್ಲ. ಕೊಳವೆ ಜೋಡಿಸಿ, ನೀರು ತುಂಬಿಸಿಯೇ ಮಾರುವ ಸಿದ್ಧ ಕೂಲರ್‌ಗಳು ಅಂಗಡಿಯಲ್ಲಿವೆ. ರೇಡಿಯೇಟರಿಗೆಂದೇ ಜಾಗ ಬಿಟ್ಟ ಕೇಸ್‌ಗಳು ಬಂದಿವೆ. ತಗಡನ್ನು ಲೇಸರಿಗೆ ಕೊಟ್ಟರೆ ನಿಮಿಷಗಳ ಕೆಲಸ. ಬಣ್ಣದ ದೀಪ, ಗಾಜಿನ ಬಾಗಿಲು ನನಗೂ ಹಿಡಿಸುವುದಿಲ್ಲ. ಆದರೆ ಲೇಸರಿನಲ್ಲಿ ಬಂದ ವೃತ್ತವನ್ನೂ ತಾತ ಉಜ್ಜಿದ ವೃತ್ತವನ್ನೂ ಕಣ್ಣುಮುಚ್ಚಿ ಮುಟ್ಟಿದೆ. ಎರಡನೆಯದು ಚುಚ್ಚಲಿಲ್ಲ. ಮೊಮ್ಮಗನ ಮೂರು ಜನ ಗೆಳೆಯರು ಅರ ಹಿಡಿಯಲು ಬಂದಿದ್ದರಂತೆ. ಎರಡನೇ ಭಾನುವಾರಕ್ಕೆ ಒಬ್ಬ ಉಳಿದ, ಮೂರನೆಯದಕ್ಕೆ ಅವನೂ ಇಲ್ಲ. ಮೊಮ್ಮಗನ ಅರ ಇನ್ನೂ ಮಧ್ಯದಲ್ಲಿ ಉಬ್ಬು ಬಿಡುತ್ತದೆ.

ಕಳೆದ ತಿಂಗಳು ತಾತನ ಬಲಗಣ್ಣಿನ ಪೊರೆ ತೆಗೆದರು. ಎಡಗಣ್ಣಿನದೂ ಆಗುವವರೆಗೆ ಅರದ ಕೆಲಸ ಬೇಡ ಎಂದಿದ್ದಾರೆ ವೈದ್ಯರು. ಮೇಜಿನ ಮೇಲೆ ಇನ್ನೊಂದು ಕೇಸ್ ಇದೆ, 11 ಲೀಟರಿನದು. ಒಂದು ತೂತು ಮುಗಿದಿದೆ. ಎರಡನೆಯದಕ್ಕೆ ಟೇಪ್ ಅಂಟಿಸಿ ಚುಕ್ಕಿ ಇಟ್ಟಿದ್ದಾರೆ, ಅಷ್ಟೇ.