ಐರಣಿಯ ಕೆಳಗಿನ ಕೊರಡು

ಬಾಗಲಕೋಟೆ, ಬಾದಾಮಿ, ಹುನಗುಂದದ ಕಡೆ ಕಮ್ಮಾರರು ಐರಣಿ ಎನ್ನುವುದಕ್ಕೆ ಕನ್ನಡದ ಹಳೆಯ ಹೆಸರು ಅಡೆಗಲ್ಲು. ಅಡೆ ಎಂದರೆ ಪಾಂಚಾಳರು ತಾವು ಕೆಲಸ ಮಾಡುವ ವಸ್ತುವಿನ ಕೆಳಗೆ ಕೊಡುವ ಮರದ ಆಸರೆ. ಪೆಟ್ಟು ತಿನ್ನುವ ವಸ್ತುವಿನ ಹೆಸರಿನಲ್ಲಿ ಆಸರೆಗೂ ಪಾಲಿದೆಯೆಂಬುದನ್ನು ಈಚಿನವರು ಮರೆತಂತೆ ತೋರುತ್ತದೆ. ಹೊಸದಾಗಿ ಕುಲುಮೆ ಹೂಡುವವನು ಐರಣಿಗಾಗಿ ಊರೂರು ಅಲೆಯುತ್ತಾನೆ. ಅದನ್ನು ಕೂರಿಸುವುದಕ್ಕೆ ಕೈಗೆ ಸಿಕ್ಕ ಕಲ್ಲನ್ನು ಉರುಳಿಸಿಕೊಂಡು ಬರುತ್ತಾನೆ.

ಪೂರ್ಣ ಪ್ರಮಾಣದ ಐರಣಿ ದುಬಾರಿ. ಆದುದರಿಂದ ಬಡವನ ಐರಣಿಯೆಂದರೆ ರೈಲು ಹಳಿಯ ತುಂಡು. ಗದಗದಿಂದ ಬಾದಾಮಿ, ಬಾಗಲಕೋಟೆಗಳ ಮೂಲಕ ಹೊಟಗಿಗೆ ಹೋಗುವ ಮಾರ್ಗ ಮೊದಲು ಮೀಟರ್ ಗೇಜಿನದಾಗಿತ್ತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಅದು ಬ್ರಾಡ್ ಗೇಜ್ ಆಯಿತು. ಮೀಟರ್ ಗೇಜಿನಲ್ಲಿ ಬಳಕೆಯಲ್ಲಿದ್ದ, ಗಜಕ್ಕೆ 60 ಪೌಂಡು ತೂಗುವ ಹಳಿಯನ್ನು ಎರಡು ಅಡಿ ಕತ್ತರಿಸಿದರೆ 40 ಪೌಂಡು, ಅಂದರೆ ಸುಮಾರು 18 ಕಿಲೋ ಆಗುತ್ತದೆ. ಇಂಥ ತುಂಡನ್ನು ಗುಜರಿಯವನಿಂದ ರಸೀತಿ ಸಹಿತವೇ ಕೊಳ್ಳಬೇಕು. ಅಕ್ರಮವಾಗಿ ಬಂದ ರೈಲ್ವೆ ಸ್ವತ್ತನ್ನು ಇಟ್ಟುಕೊಂಡವನ ಮೇಲೆ 1966ರ ಕಾಯಿದೆ ಬೀಳುತ್ತದೆ.

ಹಳಿಯ ಉಕ್ಕು ಗಟ್ಟಿಯಾದುದೇ. ಅದರ ದೋಷವಿರುವುದು ತೂಕದಲ್ಲಿ ಮತ್ತು ಆಕಾರದಲ್ಲಿ. ರೈಲಿನ ಕೆಳಗೆ ಮಲಗಿದಂತೆಯೇ ಅದನ್ನು ಮಲಗಿಸಿ ಬಡಿದರೆ ತಲೆಗೂ ಪಾದಕ್ಕೂ ನಡುವಿನ ತೆಳು ಸೊಂಟ ಅದುರುತ್ತದೆ. ಪೆಟ್ಟಿನ ಒಂದು ಪಾಲು ಕಾದ ಕಬ್ಬಿಣಕ್ಕೆ ಸೇರದೆ ಸದ್ದಾಗಿ, ನಡುಕವಾಗಿ, ಬಡಿಯುವವನ ಮೊಣಕೈ ನೋವಾಗಿ ಹೋಗುತ್ತದೆ. ನಾಲ್ಕು ಪೆಟ್ಟಿನ ಕೆಲಸಕ್ಕೆ ಏಳು ಪೆಟ್ಟು. ಅಷ್ಟರಲ್ಲಿ ಕಬ್ಬಿಣ ಆರುತ್ತದೆ, ಮತ್ತೆ ಕುಲುಮೆಗೆ ಹೋಗುತ್ತದೆ. ಇದ್ದಿಲು ಹೆಚ್ಚು ಸುಡುವುದು ಒಂದು ನಷ್ಟ. ಉಳಿಯ ಮೊನೆಯಂಥ ಹದದ ಉಕ್ಕನ್ನು ಪದೇ ಪದೇ ಕಾಯಿಸಿದರೆ ಅದರೊಳಗಿನ ಇಂಗಾಲ ಸುಟ್ಟು ಮೊನೆ ಮೆತ್ತಗಾಗುವುದು ಅದಕ್ಕಿಂತ ದೊಡ್ಡ ನಷ್ಟ.

ಪರಿಹಾರ ಸರಳವಾಗಿದೆ: ಹಳಿಯನ್ನು ನೆಟ್ಟಗೆ ನಿಲ್ಲಿಸಬೇಕು. ಆಗ ಸುತ್ತಿಗೆಯ ನೇರ ಕೆಳಗೆ ಎರಡು ಅಡಿ ಉಕ್ಕು ಇರುತ್ತದೆ. ಬಡಿಯಲು ಸಿಗುವ ಮುಖ ಚಿಕ್ಕದು, ಎರಡು ಇಂಚಿಗೆ ತುಸು ಹೆಚ್ಚು ಅಗಲವಷ್ಟೆ. ಆದರೆ ಸುತ್ತಿಗೆಯ ಮುಖವೂ ಅಷ್ಟೇ ಇರುವುದಲ್ಲವೆ? ಹೀಗೆ ನಿಂತ ಹಳಿಯನ್ನು ಅಲುಗದಂತೆ ಹಿಡಿಯುವುದೇ ಕೊರಡಿನ ಕೆಲಸ.

ಕೊರಡಿಗೆ ನಮ್ಮ ಸೀಮೆಯಲ್ಲಿ ಕರಿಜಾಲಿಯನ್ನು ಮೀರಿದ ಮರವಿಲ್ಲ. ಅದರ ಚೇಗು ತೇಗಕ್ಕಿಂತ ಗಟ್ಟಿ. ಹುಣಸೆಯೂ ಆದೀತು. ಹಸಿಮರ ಮಾತ್ರ ಕೂಡದು. ನಾನು ಅವಸರಪಟ್ಟು ಹಸಿ ಜಾಲಿಯಲ್ಲಿ ಮಾಡಿಸಿದ ಮೊದಲ ಕೊರಡು ಒಂದೇ ಬೇಸಗೆಗೆ ಮೇಲಿಂದ ಕೆಳಗೆ ಸೀಳಿತು. ನೆರಳಿನಲ್ಲಿ ವರ್ಷವೊಂದು ಒಣಗಿದ, ಒಂದು ಅಡಿ ವ್ಯಾಸದ ದಿಮ್ಮಿಯನ್ನು ಆರಿಸಬೇಕು. ಎಳೆಗಳು ನೆಟ್ಟಗೆ ನಿಲ್ಲುವಂತೆ, ಅಂದರೆ ಮರ ಬೆಳೆದ ರೀತಿಯಲ್ಲಿಯೇ, ಅದನ್ನು ಇಡಬೇಕು. ದಿಮ್ಮಿಯನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಒಳಮೈಯಲ್ಲಿ ಹಳಿಯ ಆಕಾರಕ್ಕೆ ಹದಿನೆಂಟು ಇಂಚು ಆಳ ಕೊರೆದು, ತಳಕ್ಕೆ ದಪ್ಪ ಕಬ್ಬಿಣದ ತಗಡು ಇಟ್ಟು, ಹಳಿಯನ್ನು ನಡುವೆ ನಿಲ್ಲಿಸಿ ಹೋಳುಗಳನ್ನು ಕೂಡಿಸಬೇಕು. ತಗಡಿಲ್ಲದಿದ್ದರೆ ಹಳಿ ದಿನದಿನಕ್ಕೆ ಮರದೊಳಕ್ಕೆ ಇಳಿಯುತ್ತದೆ. ಆರು ಇಂಚು ಹಳಿ ಮೇಲೆ ಉಳಿಯುತ್ತದೆ.

ಇನ್ನು ಬಿಗಿಯುವ ಬಗೆ. ಬಂಡಿಯ ಗಾಲಿಗೆ ಹಳಿ ಕಟ್ಟಬಲ್ಲವನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದಡಿ ವ್ಯಾಸದ ಬಳೆಯನ್ನು ಕೆಂಪಗೆ ಕಾಯಿಸಿದರೆ ಅದರ ಸುತ್ತಳತೆ ಸುಮಾರು ಎಂಟು ಮಿಲಿಮೀಟರ್ ಹಿಗ್ಗುತ್ತದೆ. ಆ ಹಿಗ್ಗಿನ ಲೆಕ್ಕ ಹಿಡಿದು ಬಳೆಯನ್ನು ತುಸು ಚಿಕ್ಕದಾಗಿ ಮಾಡಿ, ಕಾದಾಗ ತೊಡಿಸಿ ನೀರು ಹೊಯ್ದರೆ, ಯಾವ ಬೋಲ್ಟೂ ಹಿಡಿಯಲಾರದ ಹಾಗೆ ಅದು ಮರವನ್ನು ಅಪ್ಪುತ್ತದೆ. ಮೇಲೊಂದು, ಕೆಳಗೊಂದು ಬಳೆ ಸಾಕು. ರಬ್ಬರ್ ಗಾಲಿಗಳು ಬಂದ ಮೇಲೆ ಈ ವಿದ್ಯೆಗೆ ಗಿರಾಕಿ ತಪ್ಪಿದೆ. ಕೊರಡಿನಲ್ಲಾದರೂ ಅದು ಉಳಿಯಲಿ ಎಂಬ ಆಸೆ ನನಗಿದೆ.

ಕೊರಡನ್ನು ಹೂಳುವಾಗ ನೆಲವನ್ನು ಕೇಳಬೇಕು. ಬಾದಾಮಿಯ ಗುಡ್ಡಗಳ ಮಗ್ಗುಲಿನ ಮಸಾರಿ ನೆಲದಲ್ಲಿ ಕುಣಿ ತೋಡಿ, ಕೊರಡನ್ನಿಟ್ಟು ಮಣ್ಣು ದಮ್ಮಸು ಮಾಡಿದರೆ ಮುಗಿಯಿತು. ಹುನಗುಂದದ ಎರೆಯಲ್ಲಿ ಹಾಗಲ್ಲ. ಎರೆ ಮಳೆಗೆ ಉಬ್ಬುತ್ತದೆ, ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಎರಡು ಮಳೆಗಾಲದಲ್ಲಿ ಕೊರಡು ವಾಲುತ್ತದೆ. ಅಲ್ಲಿ ಕೊರಡಿನ ಎರಡರಷ್ಟು ಅಗಲದ ಕುಣಿ ತೆಗೆದು, ತಳಕ್ಕೆ ಚಪ್ಪಡಿ ಹಾಸಿ, ಸುತ್ತಲೂ ಎರೆಯ ಬದಲು ಗರಸು ತುಂಬಿ ಬಡಿಯಬೇಕು. ಹೂಳುವ ಭಾಗಕ್ಕೆ ಡಾಂಬರು ಬಳಿದರೆ ಗೆದ್ದಲಿನ ಕಾಟ ಕಡಿಮೆ.

ಬಾದಾಮಿಯಲ್ಲಿ ಮರಳುಗಲ್ಲು ಧಾರಾಳವಾಗಿದೆ, ಅದರ ಮೇಲೆಯೇ ಕೂರಿಸಿದರೇನು ಎಂದು ಕೇಳುವವರುಂಟು. ಪೆಟ್ಟಿಗೆ ಅದು ಪುಡಿಯುದುರುತ್ತದೆ, ಒಂದು ದಿನ ಬಿರಿಯುತ್ತದೆ. ಕಲ್ಲು ತಳಕ್ಕಿರಲಿ, ನಡುವೆ ಮರವಿರಲಿ.

ಎತ್ತರದ ಮಾತಿನಲ್ಲಿ ಪುಸ್ತಕಗಳು ಹೇಳುವುದು ಒಂದೇ: ನಿಂತವನು ಕೈ ಇಳಿಬಿಟ್ಟರೆ ಮುಷ್ಟಿಯ ಗೆಣ್ಣು ಐರಣಿಯ ಮುಖಕ್ಕೆ ತಾಗಬೇಕು. ಇದು ನಿಂತು ಬಡಿಯುವ ನಾಡುಗಳ ಲೆಕ್ಕ. ನಮ್ಮ ಹಿರಿಯರು ತಿದಿಯ ಪಕ್ಕದಲ್ಲಿ ಕುಳಿತು ಬಡಿದವರು. ಎದುರಿಗೆ ನಿಂತವನು ಚಮ್ಮಟಿಗೆ ಬೀಸುವವನು. ಕುಳಿತವನಿಗೆ ನೆಲದಿಂದ ಒಂದಡಿ ಸಾಕು: ಮೂರಡಿ ಕೊರಡಿನಲ್ಲಿ ಎರಡೂವರೆ ಅಡಿ ನೆಲದೊಳಗೆ. ನಿಂತು ದುಡಿಯುವ ತರುಣನಿಗೆ ನಾಲ್ಕೂವರೆ ಅಡಿಯ ಕೊರಡು ಬೇಕು. ಅಪ್ಪನ ಕೊರಡಿನ ಮೇಲೆ ಮಗ ಬಗ್ಗಿ ನಿಂತು ಬಡಿದು ಸೊಂಟ ಕೆಡಿಸಿಕೊಳ್ಳುವುದನ್ನು ನಾನು ಕಂಡಿದ್ದೇನೆ.

ಎಲ್ಲರಿಗೂ ಹೂಳುವ ನೆಲವಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟಿನ ಖಣಿಗಳಲ್ಲಿ ಉಳಿಗೆ ಮೊನೆ ಹಿಡಿಯುವವನು ಕಲ್ಲು ಮುಗಿದಂತೆ ಮುಂದೆ ಸಾಗಬೇಕು. ಬಾಗಲಕೋಟೆಯಲ್ಲಾದರೋ ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ಭಾಗವನ್ನು ನುಂಗಿ, ಜನ ನವನಗರಕ್ಕೆ ಬಂದರು. ಐರಣಿಯನ್ನು ಗಾಡಿಯಲ್ಲಿ ಹೇರಬಹುದು. ನೆಲದಲ್ಲಿ ಬೇರಿಳಿದಂತಿದ್ದ ಕೊರಡನ್ನು ಕೀಳುವುದು ಹೇಗೆ? ಹೊಸ ಮನೆಯ ಸಿಮೆಂಟಿನ ನೆಲವನ್ನು ಅಗೆಯಲು ಮನಸ್ಸು ಬಾರದು. ಇಂಥವರಿಗೆ ಮರಳಿನ ಪೆಟ್ಟಿಗೆ ಒಳ್ಳೆಯದು. ದಪ್ಪ ಹಲಗೆಯ ಪೆಟ್ಟಿಗೆಗೆ ಕಬ್ಬಿಣದ ಪಟ್ಟಿ ಬಿಗಿದು, ಮುಕ್ಕಾಲು ಪಾಲು ಮರಳು ತುಂಬಿ, ಅದರ ಮೇಲೆ ಬಳೆ ತೊಡಿಸಿದ ಗಿಡ್ಡ ಕೊರಡನ್ನು ಕೂರಿಸಿ, ಸುತ್ತಲೂ ಮತ್ತೆ ಮರಳು ಬಡಿಯುವುದು. ಮರಳು ತೂಕ ಕೊಡುತ್ತದೆ, ಸದ್ದನ್ನು ನುಂಗುತ್ತದೆ. ಎತ್ತರ ಸಾಲದಿದ್ದರೆ ಕೆಳಗೆ ಎರಡು ಬುಟ್ಟಿ ಹೆಚ್ಚಿಗೆ ಹಾಕಬಹುದು. ಬೆಸುಗೆಯ ಸ್ಟ್ಯಾಂಡ್ ಮಾಡಿಸುವವರು ಮೂರೇ ಕಾಲು ಇಡಿಸಲಿ. ಮುಕ್ಕಾಲಿ ಎಂಥ ತಗ್ಗುದಿಣ್ಣೆಯಲ್ಲೂ ಕುಂಟುವುದಿಲ್ಲ.

ಕೂರಿಸಿದ್ದು ಸರಿಯಾಯಿತೆ ಎಂದು ನೋಡಲು ಐರಣಿಯ ಮುಖದ ಒಂದು ಅಂಚಿನಲ್ಲಿ ನಾಣ್ಯವಿಟ್ಟು ಇನ್ನೊಂದು ಅಂಚಿಗೆ ಹಗುರವಾಗಿ ಬಡಿಯಿರಿ. ನಾಣ್ಯ ಜಿಗಿದು ಬಿದ್ದರೆ ಹಳಿ ಎಲ್ಲೋ ಸಡಿಲಾಗಿದೆ. ತೆಳ್ಳನೆಯ ಜಾಲಿಯ ಬೆಣೆಯೊಂದನ್ನು ಹೊಡೆದು ಮತ್ತೆ ನೋಡಬೇಕು.